ಹದಿನಾಲ್ಕರ 1 ಅಂದ್ರೆ ಹತ್ತು: ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಸ್ಥಾನಬೆಲೆ ಕಲಿಸುವ ಮತ್ತು ಪರೀಕ್ಷಿಸುವ ಕ್ರಮ

ಯುಕೆಜಿ ಮುಗಿಸಿದ ಮಗುವಿನ ಮುಂದೆ ಹದಿನಾಲ್ಕು ಬಾಟಲಿ ಮುಚ್ಚಳ ಇಡಿ. ಎಣಿಸಲು ಹೇಳಿ, ಎಣಿಸುತ್ತದೆ. ಬರೆಯಲು ಹೇಳಿ, 14 ಎಂದು ಚಂದವಾಗಿ ಬರೆಯುತ್ತದೆ. ಈಗ 4ರ ಮೇಲೆ ಬೆರಳಿಟ್ಟು "ಇದು ಯಾವ ಮುಚ್ಚಳ, ತೋರಿಸು" ಎಂದು ಕೇಳಿ. ನಾಲ್ಕು ಮುಚ್ಚಳ ತೋರಿಸುತ್ತದೆ. ಆಮೇಲೆ 1ರ ಮೇಲೆ ಬೆರಳಿಡಿ. ಬಹಳಷ್ಟು ಮಕ್ಕಳು ಒಂದೇ ಒಂದು ಮುಚ್ಚಳ ಎತ್ತಿ ತೋರಿಸುತ್ತಾರೆ. ಉಳಿದ ಒಂಬತ್ತು ಮುಚ್ಚಳ ಯಾವ ಅಂಕಿಗೂ ಸೇರದೆ ಪಕ್ಕದಲ್ಲೇ ಬಿದ್ದಿರುತ್ತವೆ. ಅದು ಮಗುವಿಗೆ ವಿಚಿತ್ರ ಅನ್ನಿಸುವುದೇ ಇಲ್ಲ. ಅಂಕಿ ನಿಂತ ಜಾಗಕ್ಕೆ ತಕ್ಕಂತೆ ಅದಕ್ಕೆ ಬರುವ ಬೆಲೆ, ಅಂದರೆ ಸ್ಥಾನಬೆಲೆ, ಇನ್ನೂ ಹೊಳೆದಿಲ್ಲ.

ಇದೇ ಮಗು 1ರಿಂದ 100ರವರೆಗೆ ತಪ್ಪಿಲ್ಲದೆ ಬರೆಯುತ್ತದೆ. ಅದಕ್ಕೇ ಮನೆಯವರಿಗೂ ಟೀಚರಿಗೂ ಎಲ್ಲಿ ತಪ್ಪಿದೆ ಎಂದು ಗೊತ್ತಾಗುವುದು ತಡ. ಎರಡನೇ ತರಗತಿಯಲ್ಲಿ ದಶಕ ಕೂಡುವ ಲೆಕ್ಕ ಬಂದಾಗ ಎಲ್ಲರಿಗೂ ಕಷ್ಟ ಶುರುವಾಗುತ್ತದೆ. ಬೇರು ಮಾತ್ರ ಇಲ್ಲೇ, ಹನ್ನೊಂದರಿಂದ ಹತ್ತೊಂಬತ್ತರ ನಡುವೆ ಇರುತ್ತದೆ.

ನಾನು ಕಂಡಂತೆ ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ. ಅಂಕಿ ಮೊದಲು ಬರುತ್ತದೆ, ಎಣಿಸುವ ಕಡ್ಡಿ ಆಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ. ಮಗು ತನ್ನ ಕೈಯಿಂದ ಹತ್ತನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ಮೇಲೆಯೇ ಅಂಕಿ ಬರಬೇಕು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

## ಎಷ್ಟು ನಿರೀಕ್ಷಿಸಬೇಕು

ಒಂದನೇ ತರಗತಿಗೆ ಮುಂಚಿನ ಬಾಲವಾಟಿಕಾ ವರ್ಷಕ್ಕೆ, ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ಮಾಡಿದ ನಿಪುಣ್ ಭಾರತ್ ಯೋಜನೆ ಇಟ್ಟಿರುವ ಗುರಿ 10ರವರೆಗಿನ ಅಂಕಿ ಗುರುತಿಸಿ ಓದುವುದು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಗುರಿ. ಅಮೆರಿಕದ ಹಲವು ರಾಜ್ಯಗಳು ಅನುಸರಿಸುವ ಕಾಮನ್ ಕೋರ್ ಮಾನದಂಡದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಿಗೆ ಸ್ಥಾನಬೆಲೆ ಎಂದರೆ 11ರಿಂದ 19ರವರೆಗಿನ ಸಂಖ್ಯೆಯನ್ನು ಹತ್ತು ಮತ್ತು ಇನ್ನಷ್ಟು ಬಿಡಿ ಎಂದು ಬೇರೆ ಮಾಡುವುದು, ಅಷ್ಟೇ.

ಅಂದರೆ ಐದು ವರ್ಷದ ಮಗುವಿಗೆ "47ರಲ್ಲಿ 4ರ ಸ್ಥಾನಬೆಲೆ ಏನು" ಎಂಬ ಪ್ರಶ್ನೆಯೇ ಬೇಡ. 19ರವರೆಗೆ ಗಟ್ಟಿಯಾದರೆ ಈ ವರ್ಷಕ್ಕೆ ಸಾಕು. ಗಡಿಬಿಡಿ ಮಾಡಬೇಡಿ.

## ಬೇಕಾದ ಸಾಮಾನು

ಕಡ್ಡಿ, ಸುಮಾರು ಅರವತ್ತು. ಐಸ್‌ಕ್ರೀಮ್ ಕಡ್ಡಿ ಒಳ್ಳೆಯದು. ತೆಂಗಿನ ಗರಿಯ ಕಡ್ಡಿಯಾದರೆ ಗೇಣುದ್ದ ಕತ್ತರಿಸಿ, ಚೂಪು ತುದಿ ತೆಗೆಯಿರಿ. ಎಲ್ಲವೂ ಒಂದೇ ಬಣ್ಣದಲ್ಲಿರಲಿ. ಹತ್ತರ ಕಟ್ಟಿಗೆ ಕೆಂಪು, ಬಿಡಿಗೆ ಹಸಿರು ಎಂದು ಮಾಡಿದರೆ ಮಗು ಕಲಿಯುವುದು ಬಣ್ಣವನ್ನೇ.

ಕೂದಲಿಗೆ ಹಾಕುವ ಬಟ್ಟೆ ಬ್ಯಾಂಡ್, ಐದಾರು. ತೆಳು ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕುವ ಬಲ ಈ ವಯಸ್ಸಿನ ಬೆರಳುಗಳಿಗೆ ಇರುವುದಿಲ್ಲ. ಆಗ ಕಟ್ಟುವ ಕೆಲಸ ಟೀಚರಿಗೆ ಬರುತ್ತದೆ, ಪಾಠ ಅಲ್ಲೇ ಕೆಡುತ್ತದೆ.

ಹತ್ತರ ತಟ್ಟೆ, ಎರಡು. ಮೂವತ್ತು ಮೊಟ್ಟೆಯ ಟ್ರೇಯಲ್ಲಿ ಐದೈದು ಗುಳಿಯ ಆರು ಸಾಲು ಇರುತ್ತವೆ. ಎರಡೆರಡು ಸಾಲಿಗೆ ಕತ್ತರಿಸಿದರೆ ಒಂದು ಟ್ರೇಯಿಂದ ಮೂರು ತಟ್ಟೆ. ಹೊಸ ಟ್ರೇಯನ್ನೇ ಬಳಸಿ, ಹಸಿ ಮೊಟ್ಟೆ ಇಟ್ಟಿದ್ದನ್ನು ಮಕ್ಕಳ ಕೈಗೆ ಕೊಡಬೇಡಿ. ಸಿಗದಿದ್ದರೆ ರಟ್ಟಿನ ಮೇಲೆ ಐದೈದು ಚೌಕದ ಎರಡು ಸಾಲು ಬರೆದರೂ ಆಯಿತು.

ಮುಚ್ಚಳ, ಇಪ್ಪತ್ತು. ಹುಣಸೆ ಬೀಜವೂ ಆಗುತ್ತದೆ, ಆದರೆ ಎಚ್ಚರ ಬೇಕು. ಬೀಜ ಮೂಗಿಗೆ, ಕಿವಿಗೆ, ಬಾಯಿಗೆ ಹೋಗುವುದು ಈ ವಯಸ್ಸಲ್ಲಿ ಅಪರೂಪವಲ್ಲ. ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಬೀಜ ಬೇಡವೇ ಬೇಡ.

ಹಳೆಯ ಮದುವೆ ಕಾರ್ಡು. ಅಂಕಿ ಪಟ್ಟಿ ಮಾಡಲು ಇದರ ದಪ್ಪ ಸರಿಯಾಗಿರುತ್ತದೆ.

ಈ ವರ್ಷ ಬೇಡದವು ಎರಡು. ಹತ್ತು, ಬಿಡಿ ಎಂದು ಬರೆದ ಅಬಾಕಸ್ ಒಂದು, ಹತ್ತು ರೂಪಾಯಿ ನಾಣ್ಯ ಇನ್ನೊಂದು. ಅಬಾಕಸ್‌ನಲ್ಲಿ ಹತ್ತರ ಕಂಬಿಯ ಮಣಿಯೂ ಬಿಡಿಯ ಮಣಿಯೂ ನೋಡಲು ಒಂದೇ. ಹತ್ತು ರೂಪಾಯಿ ನಾಣ್ಯವನ್ನು ಒಡೆದರೆ ಒಳಗೆ ಹತ್ತು ಕಾಣುವುದಿಲ್ಲ. ದೊಡ್ಡವರು ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದೇವೆ. ಮಗು ಕಣ್ಣಾರೆ ನೋಡಬೇಕು.

## ಹಂತ 1: ಮಗು ಸಿದ್ಧವಾಗಿದೆಯಾ, ನೋಡಿ

ಮೂರು ಚಿಕ್ಕ ಪರೀಕ್ಷೆ ಮಾಡಿ. ಒಟ್ಟು ಮೂರು ನಿಮಿಷ ಸಾಕು.

ಹತ್ತು ಮುಚ್ಚಳ ಚೆಲ್ಲಿ ಎಣಿಸಲು ಹೇಳಿ. ಒಂದು ಮುಚ್ಚಳಕ್ಕೆ ಒಂದೇ ಹೆಸರು ಬರಬೇಕು. ಬಾಯಿ ಓಡಿ, ಬೆರಳು ಹಿಂದೆ ಬಿದ್ದರೆ ಇನ್ನೂ ಆಗಿಲ್ಲ.

ಎಣಿಸಿ ಮುಗಿದ ತಕ್ಷಣ "ಒಟ್ಟು ಎಷ್ಟು?" ಎಂದು ಕೇಳಿ. "ಹತ್ತು" ಎಂದರೆ ಸರಿ. ಮತ್ತೆ ಒಂದರಿಂದ ಎಣಿಸಲು ಶುರುಮಾಡಿದರೆ, ಕೊನೆಯ ಹೆಸರೇ ಒಟ್ಟು ಮೊತ್ತ ಎಂಬುದು ಮಗುವಿಗೆ ಇನ್ನೂ ಹೊಳೆದಿಲ್ಲ.

ಮೂರನೆಯದು, "ನನಗೆ ಏಳು ಕೊಡು" ಎನ್ನಿ. ಇದು ಎಣಿಸುವುದಕ್ಕಿಂತ ಕಷ್ಟ. ಏಳಕ್ಕೆ ನಿಲ್ಲಿಸಬೇಕು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಎಣಿಸಬೇಕು. ಹಿಡಿ ತುಂಬ ಕೊಟ್ಟರೆ ಇನ್ನೂ ಸಿದ್ಧವಿಲ್ಲ.

ಈ ಮೂರರಲ್ಲಿ ಒಂದು ತಪ್ಪಿದರೂ ಸ್ಥಾನಬೆಲೆಗೆ ಹೋಗಬೇಡಿ. ಹತ್ತರೊಳಗೆ ಎಣಿಸುವ, ಕೊಡುವ, ಹಂಚುವ ಆಟ ಆಡಿಸಿ. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ. ಈ ಕಾಯುವಿಕೆ ನಷ್ಟವಲ್ಲ.

## ಹಂತ 2: ಹತ್ತರ ತಟ್ಟೆ ತುಂಬಿಸುವುದು

ತಟ್ಟೆಯಲ್ಲಿ ಮೇಲಿನ ಸಾಲು ಎಡದಿಂದ ತುಂಬಬೇಕು, ಆಮೇಲೆ ಕೆಳಗಿನ ಸಾಲು. ಈ ಒಂದು ನಿಯಮ ಬಿಡಬೇಡಿ. ಹೀಗೆ ತುಂಬಿದರೆ ಏಳು ಎಂದರೆ ಐದು ಮತ್ತು ಎರಡು ಎಂದು ಎಣಿಸದೆಯೇ ಕಾಣುತ್ತದೆ.

ಕೇಳಬೇಕಾದ ಪ್ರಶ್ನೆ ಎರಡೇ. "ಎಷ್ಟಿದೆ?" ಮತ್ತು "ತುಂಬಲು ಇನ್ನೆಷ್ಟು ಬೇಕು?" ಎರಡನೆಯದನ್ನು ಜಾಸ್ತಿ ಕೇಳಿ. ಖಾಲಿ ಗುಳಿ ನೋಡಿ ಮಗು ಉತ್ತರ ಹೇಳುತ್ತದೆ.

ಒಂದು ವಾರದಲ್ಲಿ, ತುಂಬಿದ ತಟ್ಟೆ ತೋರಿಸಿದರೆ ಎಣಿಸದೆ "ಹತ್ತು" ಎನ್ನಬೇಕು. ಎಣಿಸುತ್ತಿದ್ದರೆ ಬೈಯಬೇಡಿ, ಎಣಿಸಲು ಬಿಡಿ. ಬೇಜಾರಾಗಿ ತಾನೇ ನಿಲ್ಲಿಸುತ್ತದೆ. ಆ ದಿನ ಮುಂದಿನ ಹಂತಕ್ಕೆ ಹೋಗಿ.

## ಹಂತ 3: ಹತ್ತು ಮತ್ತು ಇನ್ನಷ್ಟು, ಬಾಯಲ್ಲಿ ಮಾತ್ರ

ಒಂದು ತಟ್ಟೆ ಪೂರ್ತಿ ತುಂಬಿಸಿ. ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟು ಮೂರು ಮುಚ್ಚಳ ಹಾಕಿ. "ಹತ್ತು ಮತ್ತು ಮೂರು. ಹದಿಮೂರು." ಈ ಎರಡೂ ಮಾತು ಜೊತೆಯಲ್ಲೇ ಬರಬೇಕು, ಪ್ರತಿ ಸಲವೂ.

ಇಲ್ಲಿ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತದೆ. ಹದಿನಾಲ್ಕು ಎನ್ನುವಾಗ ಹತ್ತು ಮೊದಲು, ನಾಲ್ಕು ಆಮೇಲೆ. ಬರೆಯುವಾಗಲೂ ಅದೇ ಸಾಲು. ಇಂಗ್ಲಿಷಿನಲ್ಲಿ ಫೋರ್ಟೀನ್ ಎಂದಾಗ ಕಿವಿಗೆ ಫೋರ್ ಮೊದಲು ಬೀಳುತ್ತದೆ. ಅದಕ್ಕೇ ಇಂಗ್ಲಿಷ್ ಮಾಧ್ಯಮದ ಮಕ್ಕಳು ಫೋರ್ಟೀನ್‌ಗೆ 41 ಎಂದು ಬರೆಯುವುದು. ಥರ್ಟೀನ್ ಮತ್ತು ಥರ್ಟಿ ಕಲಸಿಹೋಗುವುದೂ ಉಂಟು. ಶಾಲೆ ಯಾವ ಮಾಧ್ಯಮದ್ದೇ ಆಗಲಿ, ಈ ಪಾಠವನ್ನು ಮೊದಲು ಕನ್ನಡದಲ್ಲಿ ಮಾಡಿ. ಮನೆಮಾತು ತುಳು ಆದರೂ ಇದೇ ಅನುಕೂಲ ಇದೆ: ಪತ್ತೊಂಜಿ ಎಂದರೆ ಪತ್ತ್ ಮತ್ತು ಒಂಜಿ. ಮನೆಯಲ್ಲಿ ಉರ್ದು ಅಥವಾ ಹಿಂದಿ ಮಾತಾಡುವ ಮಗುವಿಗೆ ಚೌದಾ ಎಂಬ ಮಾತಿನಲ್ಲಿ ಹತ್ತು ಕೇಳಿಸುವುದಿಲ್ಲ. ಅವರ ಜೊತೆ "ಹತ್ತು ಮತ್ತು ನಾಲ್ಕು" ಎಂಬ ಮಾತಿಗೆ ಜಾಸ್ತಿ ದಿನ ಕೊಡಿ.

ಆದರೆ "ಹನ್", "ಹದಿ" ಎರಡೂ ಹತ್ತೇ ಎಂದು ಮಗುವಿಗೆ ತಾನಾಗಿ ಗೊತ್ತಾಗದು. ಬಾಯಿಬಿಟ್ಟು ಹೇಳಬೇಕು. ನಾನು ಹತ್ತೊಂಬತ್ತರಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಹತ್ತು ಮತ್ತು ಒಂಬತ್ತು ಎರಡೂ ಹೆಚ್ಚುಕಮ್ಮಿ ಹಾಗೇ ಉಳಿದಿವೆ. ಆಮೇಲೆ ಹದಿನೇಳು, ಹದಿನೆಂಟು. ಹನ್ನೊಂದು, ಹನ್ನೆರಡು ಕೊನೆಗೆ. ಪುಸ್ತಕದ ಸಾಲು ಬೇರೆ ಇರುತ್ತದೆ, ಪರವಾಗಿಲ್ಲ.

ಕನ್ನಡದಲ್ಲಿಯೂ ತೊಡಕಿದೆ. ಒಂಬತ್ತು, ಹತ್ತೊಂಬತ್ತು, ಎಂಬತ್ತು, ತೊಂಬತ್ತು ಎಲ್ಲ ಒಂದೇ ರಾಗದಲ್ಲಿ ಮುಗಿಯುತ್ತವೆ. ಇಪ್ಪತ್ತು ಮತ್ತು ಎಪ್ಪತ್ತಿಗೆ ಮೊದಲಕ್ಷರ ಮಾತ್ರ ಬೇರೆ. ಮಗು ಹತ್ತೊಂಬತ್ತಕ್ಕೆ 90 ಬರೆದರೆ ಮೊದಲು ಕಿವಿಯ ತಪ್ಪು ಎಂದುಕೊಳ್ಳಿ. ನಿಧಾನವಾಗಿ ಬಿಡಿಸಿ ಹೇಳಿ ನೋಡಿ.

## ಹಂತ 4: ಕಟ್ಟು ಕಟ್ಟುವುದು

ಇಡೀ ಕೆಲಸದ ಹೃದಯ ಇದೇ. ಕಡಿಮೆ ಅಂದರೂ ಎರಡು ವಾರ, ದಿನಕ್ಕೆ ಹತ್ತು ನಿಮಿಷ ಕೊಡಿ.

ಮಗುವಿಗೆ ಹತ್ತಕ್ಕಿಂತ ಜಾಸ್ತಿ ಬಿಡಿ ಕಡ್ಡಿ ಕೊಡಿ, ಹದಿನೈದು ಅಂದುಕೊಳ್ಳಿ. ಎಣಿಸುತ್ತಾ ಹತ್ತಾದ ಕೂಡಲೇ ನಿಲ್ಲಿಸಿ, ಬ್ಯಾಂಡ್ ಹಾಕಬೇಕು. ಉಳಿದ ಐದು ಬಿಡಿ. "ಒಂದು ಕಟ್ಟು, ಐದು ಬಿಡಿ. ಹತ್ತು ಮತ್ತು ಐದು. ಹದಿನೈದು."

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಸಮಯ ಉಳಿಸಲು ಟೀಚರೇ ಮೊದಲೇ ಕಟ್ಟು ಕಟ್ಟಿ ತರುತ್ತಾರೆ. ನಾನೂ ಒಂದು ವರ್ಷ ಹಾಗೆ ಮಾಡಿದ್ದೆ. ಮೂವತ್ತು ಮಕ್ಕಳಿಗೆ ರಾತ್ರಿ ಕೂತು ಕಟ್ಟು ಮಾಡಿದ್ದೆ. ಮಕ್ಕಳು ಆ ಕಟ್ಟನ್ನು "ಹತ್ತು" ಎಂದು ಕರೆಯಲು ಕಲಿತರು. ಆದರೆ ಬಿಚ್ಚಿದರೆ ಒಳಗೆ ಎಷ್ಟಿರುತ್ತದೆ ಎಂದು ಕೇಳಿದಾಗ ಅರ್ಧಕ್ಕರ್ಧ ಮಕ್ಕಳು ಸುಮ್ಮನೆ ನನ್ನ ಮುಖ ನೋಡಿದರು. ಅವರಿಗೆ ಹತ್ತು ಎಂಬುದು ಆ ವಸ್ತುವಿನ ಹೆಸರಾಗಿತ್ತು, ಲೋಟ, ಚಮಚ ಎಂಬಂತೆ. ಮುಂದಿನ ವರ್ಷ ಮಕ್ಕಳೇ ಕಟ್ಟಿದರು. ವೇಳೆ ಎರಡರಷ್ಟು ಹಿಡಿಯಿತು, ಆದರೆ ಆ ಪ್ರಶ್ನೆಗೆ ತಡವರಿಸಿದವರು ತೀರಾ ಕಡಿಮೆ.

ಕಟ್ಟಿದ್ದನ್ನು ಬಿಚ್ಚಿಸುವುದೂ ಅಷ್ಟೇ ಮುಖ್ಯ. ದಿನಾ ಹೀಗೆ ಕೇಳಿ: "ಈಗ ಬಿಚ್ಚಿದರೆ ಒಟ್ಟು ಕಡ್ಡಿ ಎಷ್ಟಾಗುತ್ತದೆ? ಜಾಸ್ತಿಯಾ, ಕಮ್ಮಿಯಾ, ಅಷ್ಟೇನಾ?" ಮಗು ಹೇಳಲಿ, ಆಮೇಲೆ ಬಿಚ್ಚಿ ಎಣಿಸಲಿ. ಬಿಚ್ಚಿದರೆ ಜಾಸ್ತಿಯಾಗುತ್ತದೆ ಎನ್ನುವ ಮಕ್ಕಳು ಇರುತ್ತಾರೆ. ಚೆಲ್ಲಿದ ಕಡ್ಡಿ ಹೆಚ್ಚು ಜಾಗ ಹಿಡಿಯುತ್ತದೆ, ಅಲ್ವಾ? ಅವರು ಜಾಗವನ್ನು ನೋಡುತ್ತಿದ್ದಾರೆ. ವಾದ ಮಾಡಬೇಡಿ, ಎಣಿಸಲು ಬಿಡಿ.

ತರಗತಿಯಲ್ಲಿ ಇದಕ್ಕೆ ಒಂದು ಒಳ್ಳೆಯ ದಿನಚರಿ ಇದೆ. ಶಾಲೆ ನಡೆದ ಪ್ರತಿ ದಿನಕ್ಕೂ ಒಂದು ಕಡ್ಡಿ ಡಬ್ಬಿಗೆ ಹಾಕಿ. ಹತ್ತನೇ ದಿನ ಒಂದು ಮಗು ಬಂದು ಕಟ್ಟು ಕಟ್ಟಲಿ. ಹನ್ನೊಂದನೇ ದಿನ ಕಟ್ಟಿನ ಪಕ್ಕ ಒಂಟಿ ಕಡ್ಡಿ ನಿಲ್ಲುತ್ತದೆ. ಜೂನ್‌ನಲ್ಲಿ ಶುರು ಮಾಡಿದರೆ ದಸರಾ ರಜೆಯ ಹೊತ್ತಿಗೆ ಮಕ್ಕಳು ಹತ್ತನೇ ದಿನ ಯಾವಾಗ ಬರುತ್ತದೆ ಎಂದು ತಾವೇ ಕಾಯುತ್ತಿರುತ್ತಾರೆ.

ಗಮನಿಸಬೇಕಾದ ಅಪಾಯದ ಗುರುತುಗಳು:

- ಒಂದು ಕಟ್ಟು, ಐದು ಬಿಡಿ ನೋಡಿ "ಆರು" ಎನ್ನುವುದು. ಕಟ್ಟನ್ನು ಒಂದು ವಸ್ತು ಎಂದು ಎಣಿಸಿದೆ.
- ಒಂಬತ್ತಕ್ಕೋ ಹನ್ನೊಂದಕ್ಕೋ ಕಟ್ಟಿ, ಅದೂ "ಹತ್ತು" ಎನ್ನುವುದು. ಕಟ್ಟು ಎಂದರೆ ಹತ್ತು ಎಂದಷ್ಟೇ ಗೊತ್ತು.
- ತಾನೇ ಈಗ ಕಟ್ಟಿದ ಕಟ್ಟನ್ನು ಪ್ರತಿ ಸಲ ಬಿಚ್ಚಿ ಎಣಿಸುವುದು. ಇದು ಮೊದಲ ವಾರ ಸಹಜ, ಮೂರನೇ ವಾರವೂ ಇದ್ದರೆ ಹಂತ 2ಕ್ಕೆ ಹಿಂದೆ ಹೋಗಿ.

## ಹಂತ 5: ಈಗ ಅಂಕಿ

ಮದುವೆ ಕಾರ್ಡಿನಿಂದ ಉದ್ದ ಪಟ್ಟಿ ಒಂದು ಮಾಡಿ, ಅದರ ಮೇಲೆ 10 ಬರೆಯಿರಿ. ಅದರ ಅರ್ಧ ಉದ್ದದ ಒಂಬತ್ತು ತುಂಡು ಮಾಡಿ 1ರಿಂದ 9 ಬರೆಯಿರಿ. ಹದಿನಾಲ್ಕಕ್ಕೆ ಕಟ್ಟಿನ ಕೆಳಗೆ 10ರ ಪಟ್ಟಿ, ಬಿಡಿಯ ಕೆಳಗೆ 4ರ ತುಂಡು. ಆಮೇಲೆ 4ನ್ನು ಜಾರಿಸಿ 10ರ ಸೊನ್ನೆಯ ಮೇಲೆ ಕೂರಿಸಿ. 14 ಆಯಿತು. 4ನ್ನು ಎತ್ತಿ ತೋರಿಸಿ: "ನೋಡು, ಕೆಳಗೆ ಹತ್ತು ಇನ್ನೂ ಇದೆ." ಮಾಂಟೆಸ್ಸರಿ ಶಾಲೆಗಳ ಸೆಗ್ವಿನ್ ಹಲಗೆಯ ಕೆಲಸವೂ ಇದೇ.

ಮೂರು ವಿಷಯ ಇಲ್ಲಿ ಬಹಳ ಜನರನ್ನು ಕೆಡಿಸುತ್ತವೆ.

ಎದುರು ಕೂರುವುದು. ನೀವು ಮಗುವಿನ ಎದುರು ಕೂತರೆ ನಿಮ್ಮ ಎಡ ಅದರ ಬಲ. ನೀವು ಎಡಕ್ಕೆ ಇಟ್ಟ ಕಟ್ಟು ಮಗುವಿಗೆ ಬಲಕ್ಕೆ ಕಾಣುತ್ತದೆ. ಯಾವಾಗಲೂ ಪಕ್ಕದಲ್ಲಿ ಕೂರಿ.

"ಸೊನ್ನೆ ಅಂದ್ರೆ ಏನೂ ಇಲ್ಲ." ಏನೂ ಇಲ್ಲದಿದ್ದರೆ ಬರೆಯುವುದು ಯಾಕೆ ಎಂದು ಮಗು ಯೋಚಿಸುತ್ತದೆ, ಅದು ಸರಿಯಾದ ಯೋಚನೆ. 10 ಬರೆಯುವಾಗ "ಒಂದು ಕಟ್ಟು, ಬಿಡಿ ಕಡ್ಡಿ ಒಂದೂ ಇಲ್ಲ" ಎನ್ನಿ.

ಎಲ್ಲ ತಪ್ಪಿಗೂ ಒಂದೇ ಕೆಂಪು ಗೆರೆ. ತಪ್ಪುಗಳನ್ನು ಬೇರೆ ಬೇರೆ ನೋಡಿ. ಹದಿಮೂರಕ್ಕೆ 103 ಬರೆದ ಮಗು ಬಹುಮಟ್ಟಿಗೆ ಅರ್ಥ ಮಾಡಿಕೊಂಡಿದೆ. ಅದಕ್ಕೆ ಹತ್ತು ಕೇಳಿಸಿದೆ, ಮೂರು ಕೇಳಿಸಿದೆ, ಎರಡನ್ನೂ ಬರೆದಿದೆ. ಜಾರಿಸುವ ಪಟ್ಟಿ ನಾಲ್ಕು ಸಲ ಆಡಿದರೆ ಸರಿಹೋಗುತ್ತದೆ. 31 ಬರೆದ ಮಗುವಿಗೆ ಜಾಗದ ಗೊಂದಲ, ಅದಕ್ಕೆ ಕಟ್ಟು ಮತ್ತು ಅಂಕಿಯನ್ನು ಪಕ್ಕಪಕ್ಕ ಇಟ್ಟು ಕಲಿಸಬೇಕು. 13 ಸರಿಯಾಗಿದ್ದು 3 ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಅದು ಬರವಣಿಗೆಯ ವಿಷಯ. ಐದು ವರ್ಷಕ್ಕೆ ಅದು ಸಾಮಾನ್ಯ, ಸ್ಥಾನಬೆಲೆಗೂ ಅದಕ್ಕೂ ಸಂಬಂಧ ಇಲ್ಲ.

## ಹಂತ 6: ಪರೀಕ್ಷೆ, ಒಬ್ಬೊಬ್ಬರಿಗೇ

ಹತ್ತು, ಬಿಡಿ ಎಂದು ಎರಡು ಕಾಲಂ ಹಾಕಿ 14, 17, 12 ಬಿಡಿಸಿ ಬರೆಯಿಸುವ ಹಾಳೆಯಿಂದ ಏನೂ ತಿಳಿಯದು. ಎಡದ ಅಂಕಿ ಎಡಕ್ಕೆ, ಬಲದ ಅಂಕಿ ಬಲಕ್ಕೆ ನಕಲು ಮಾಡಿದರೆ ಪೂರ್ತಿ ಅಂಕ ಸಿಗುತ್ತದೆ. ಪಕ್ಕದಲ್ಲಿ ಕೂತು, ಐದು ನಿಮಿಷ, ಕಡ್ಡಿ ಇಟ್ಟುಕೊಂಡು ಕೇಳಿ. ದಿನಕ್ಕೆ ಮೂವರು ಸಾಕು.

ಕೇಳುವಾಗ "ಗುಡ್", "ಊಹೂಂ" ಎರಡೂ ಬೇಡ. ತಲೆ ಆಡಿಸಬೇಡಿ. ಮಕ್ಕಳು ಕಡ್ಡಿಗಿಂತ ನಿಮ್ಮ ಮುಖವನ್ನು ಚೆನ್ನಾಗಿ ಓದುತ್ತಾರೆ. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ಬೇಕಾದರೆ ಇನ್ನೊಮ್ಮೆ ಕೇಳಿ.

1. ಕಟ್ಟಿ ತೋರಿಸು. ಬಿಡಿ ಕಡ್ಡಿಗಳ ರಾಶಿ, ಒಂದು ಬ್ಯಾಂಡ್. "ಹದಿಮೂರು ಮಾಡು." ಮಗು ತಾನಾಗಿ ಹತ್ತಕ್ಕೆ ಕಟ್ಟುತ್ತದೆಯೇ, ಹದಿಮೂರು ಬಿಡಿ ಎಣಿಸಿ ಇಡುತ್ತದೆಯೇ ನೋಡಿ.
2. ಒಟ್ಟು ಎಷ್ಟು? ಅದರ ಮುಂದೆಯೇ ಒಂದು ಕಟ್ಟು ಕಟ್ಟಿ, ಆರು ಬಿಡಿ ಇಡಿ. "ಹತ್ತು, ಹನ್ನೊಂದು, ಹನ್ನೆರಡು" ಎಂದು ಮುಂದುವರಿಸುತ್ತದೆಯೇ, ನೇರವಾಗಿ ಹದಿನಾರು ಎನ್ನುತ್ತದೆಯೇ, ಬಿಚ್ಚಿ ಒಂದರಿಂದ ಎಣಿಸುತ್ತದೆಯೇ, ಏಳು ಎನ್ನುತ್ತದೆಯೇ?
3. ತಿರುವು ಹಾಕಿ. ನಾಲ್ಕು ಬಿಡಿ ಎಡಕ್ಕೆ, ಕಟ್ಟು ಬಲಕ್ಕೆ. "ಎಷ್ಟು?" ನಲವತ್ತೊಂದು ಎಂದರೆ ಮಗು ಜಾಗ ಓದುತ್ತಿದೆ, ಕಡ್ಡಿ ನೋಡುತ್ತಿಲ್ಲ.
4. ಅಂಕಿಯ ಪ್ರಶ್ನೆ. ಶುರುವಿನಲ್ಲಿ ಹೇಳಿದ್ದೇ ಇದು. ಹದಿನಾರು ಬಿಡಿ ವಸ್ತು, ಹಾಳೆಯ ಮೇಲೆ 16. ಮೊದಲು 6ಕ್ಕೆ ಸುತ್ತು ಹಾಕಿ ಕೇಳಿ, ಆಮೇಲೆ 1ಕ್ಕೆ. ಮಗು ಒಂದೇ ತೋರಿಸಿದರೆ "ಇವು ಉಳಿದಿವೆಯಲ್ಲಾ, ಇವು ಎಲ್ಲಿ ಸೇರುತ್ತವೆ?" ಎಂದು ಕೇಳಿ ಸುಮ್ಮನಿರಿ.

ನಾಲ್ಕನೆಯದು ಅಮೆರಿಕದ ಶಿಕ್ಷಣತಜ್ಞೆ ಕಾನ್ಸ್ಟನ್ಸ್ ಕಮಿ ಬಳಸಿದ ಪ್ರಶ್ನೆ. ಪ್ರಾಥಮಿಕ ಶಾಲೆಯ ದೊಡ್ಡ ಮಕ್ಕಳೂ ಇದರಲ್ಲಿ ತಪ್ಪುವುದು ಅವರ ಕೆಲಸದಿಂದ ಗೊತ್ತಾಗಿದೆ. ಹಾಗಾಗಿ ನಿಮ್ಮ ಯುಕೆಜಿ ಮಗು ಇಲ್ಲಿ ತಪ್ಪಿದರೆ ಗಾಬರಿ ಬೇಡ. 1 ಮತ್ತು 2 ಸರಿಯಾದರೆ ಈ ವಯಸ್ಸಿಗೆ ಮಗು ಚೆನ್ನಾಗಿಯೇ ಇದೆ.

ನೋಟ್‌ಬುಕ್ಕಿನಲ್ಲಿ ಅಂಕ ಬರೆಯಬೇಡಿ, ಮಗು ಏನು ಮಾಡಿತು ಎಂದು ಒಂದು ಸಾಲು ಬರೆಯಿರಿ. "ಬಿಚ್ಚಿ ಎಣಿಸಿದಳು." "ಕಟ್ಟನ್ನು ಒಂದು ಎಂದ." "ಹತ್ತರಿಂದ ಮುಂದುವರಿಸಿದಳು." ನಾಳೆ ಏನು ಕಲಿಸಬೇಕು ಎಂಬುದು ಆ ಸಾಲಿನಲ್ಲೇ ಇರುತ್ತದೆ. ಕಟ್ಟನ್ನು ಒಂದು ಎಂದವರಿಗೆ ಹಂತ 4, ಜಾಗ ಓದಿದವರಿಗೆ ಹಂತ 5, ಬಿಚ್ಚಿ ಎಣಿಸುವವರಿಗೆ ಇನ್ನೊಂದು ವಾರ ಹಂತ 4ರ ಆಟ.

## ಹಂತ 7: ಇಪ್ಪತ್ತರ ಆಚೆ, ಬೇಕಿದ್ದವರಿಗೆ ಮಾತ್ರ

ನಾಲ್ಕೂ ಪ್ರಶ್ನೆ ದಾಟಿದ ಮಕ್ಕಳಿಗೆ ಎರಡನೇ ಕಟ್ಟು ಕೊಡಿ. ಹತ್ತಕ್ಕೆ ಹಳೆಗನ್ನಡದಲ್ಲಿ ಪತ್ತು ಎನ್ನುತ್ತಿದ್ದರು. ಇಪ್ಪತ್ತಿನ ಬಾಲದಲ್ಲಿ ಅದು ಇನ್ನೂ ಹಾಗೇ ಕೇಳಿಸುತ್ತದೆ. ಮೂವತ್ತು, ನಲವತ್ತು, ಐವತ್ತರಲ್ಲಿ ಮೂರು, ನಾಲ್ಕು, ಐದು ಮುಂದೆಯೇ ನಿಂತಿವೆ. ಮೂರು ಕಟ್ಟು ಇಟ್ಟು ಮೂವತ್ತು ಎಂದರೆ ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ.

ಇಪ್ಪತ್ತೊಂಬತ್ತಾದ ಮೇಲೆ "ಇಪ್ಪತ್ತಹತ್ತು" ಎಂದು ಹೇಳುವ ಮಕ್ಕಳು ಸಿಗುತ್ತಾರೆ. ನಗಬೇಡಿ, ತಿದ್ದಲು ಅವಸರವೂ ಬೇಡ. ಅವರು ಬಾಯಿಪಾಠ ಬಿಟ್ಟು ಲೆಕ್ಕ ಹಿಡಿದಿದ್ದಾರೆ. "ಹೌದು, ಇಪ್ಪತ್ತು ಮತ್ತು ಹತ್ತು. ಹತ್ತಾಯಿತಲ್ಲ, ಕಟ್ಟು" ಎನ್ನಿ. ಕಟ್ಟಿದ ಮೇಲೆ ಎಷ್ಟು ಕಟ್ಟಾಯಿತು ಎಂದು ಕೇಳಿ. ಮೂರು ಎಂದ ಕೂಡಲೇ ಮೂವತ್ತು ಎಂಬ ಹೆಸರು ಕೊಡಿ.

ರಜೆ ಮುಗಿಸಿ ಬಂದ ಮೊದಲ ವಾರ ಹಂತ 6ರ ಎರಡನೇ ಪ್ರಶ್ನೆಯನ್ನು ಎಲ್ಲರಿಗೂ ಮತ್ತೆ ಕೇಳಿ. ಕೆಲವರು ಕಟ್ಟು ಬಿಚ್ಚಿ ಒಂದರಿಂದ ಎಣಿಸಲು ಶುರು ಮಾಡುತ್ತಾರೆ. ಅವರಿಗೆ ಹಂತ 4ರ ಆಟ ಮೂರು ನಾಲ್ಕು ದಿನ ಆಡಿಸಿ. ಅಂಕಿಯ ಪಟ್ಟಿಗಳು ಅಲ್ಲಿಯವರೆಗೆ ಡಬ್ಬಿಯಲ್ಲೇ ಇರಲಿ.